ಕೊಲ್ಲಿಯ ನೇರಳೆಗೆ ಹೆಸರು ಬಂದದ್ದು

ನಿಮ್ಮ ತೋಟಕ್ಕೆ ಬಂದವರು ಯಾರಾದರೂ ನೆಲಕ್ಕೆ ಬಿದ್ದ ಹೂವನ್ನು ಹೆಕ್ಕಿ, ಬೆರಳಲ್ಲಿ ತಿರುಗಿಸಿ, ಆಮೇಲೆ ತಲೆಯೆತ್ತಿ ಮರವನ್ನೇ ನೋಡುತ್ತ ನಿಂತುಬಿಟ್ಟರೆ, ಅವರನ್ನು ಮೊದಲು ಒಂದು ಮಾತು ಕೇಳಿ: ನಿಮಗೆ ಎಷ್ಟು ಸಮಯ ಬೇಕು? ಮರ ಯಾವುದು, ಹೂ ಯಾವುದು, ಅವೆಲ್ಲ ಆಮೇಲೆ. ಚೌಕಾಸಿಗೆ ಕೂರುವ ಮೊದಲು ಎದುರಿನವರ ಅವಸರ ಎಷ್ಟೆಂದು ತಿಳಿದಿರಬೇಕು. ನಾನು ಕೇಳಲಿಲ್ಲ. ಕೇಳಿದ್ದರೂ ಆ ಮೇಡಂ ಹತ್ತಿರ ಉತ್ತರ ಇರುತ್ತಿರಲಿಲ್ಲ ಅನ್ನುವುದು ಬೇರೆ ವಿಷಯ.

ನನ್ನದು ಮರಗಸಿಯ ಗುತ್ತಿಗೆ. ಕಾಫಿ ಗಿಡಕ್ಕೆ ಬೇಕಾದಷ್ಟೇ ಬಿಸಿಲು ಬೀಳುವಂತೆ ನೆರಳು ಮರಗಳ ಕೊಂಬೆ ಸವರಿಸುವುದು, ಬೇಡದ ಮರಗಳನ್ನು ಕೆಳಗಿನ ಗಿಡ ಮುರಿಯದಂತೆ ಇಳಿಸುವುದು. ಅಮ್ಮತ್ತಿಯಿಂದ ಒಳಗೆ ಒಂದು ತೋಟದ ಸಾಹುಕಾರರು ಆ ಬೇಸಿಗೆಯಲ್ಲಿ ನನ್ನನ್ನು ಕರೆಸಿದ್ದು ಎರಡನೆಯ ಕೆಲಸಕ್ಕೆ. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆಯನ್ನು ನಂಬಿಕೊಂಡು ತೋಟ ಮಾಡುವ ಕಾಲ ಹೋಯಿತು. ಸ್ಪ್ರಿಂಕ್ಲರ್ ಹಾಕಬೇಕು, ಹಾಕಲು ನೀರು ಬೇಕು, ನೀರು ನಿಲ್ಲಿಸಲು ಕೆರೆ ಬೇಕು. ತೋಟದ ನಡುವೆ ಒಂದು ಕೊಲ್ಲಿ. ಎರಡು ಏರುಗಳ ಮಧ್ಯೆ ಸಣ್ಣ ತೊರೆ, ಬಿಸಿಲು ಬೀಳದ ತಂಪು ಜಾಗ. ಅದರ ಬಾಯಿಗೆ ಏರಿ ಕಟ್ಟಿದರೆ ಕೆರೆ ತಾನಾಗಿ ಆಗುತ್ತದೆ. ಕೊಲ್ಲಿಯ ಮರಗಳನ್ನು ತೆಗೆಯಲು ಇಲಾಖೆಯ ಅನುಮತಿ ಬಂದಾಗಿತ್ತು. ಮಳೆಗಾಲದ ಮುಂಚೆ ಕೆಲಸ ಮುಗಿಸಲು ಜೆಸಿಬಿಗೂ ಹೇಳಿ ಆಗಿತ್ತು.

ನಾನು ಮರ ನೋಡಲು ಇಳಿದ ದಿನವೇ ಮಡಿಕೇರಿಯ ಕಾಲೇಜಿನ ಸಸ್ಯಶಾಸ್ತ್ರದ ಮೇಡಂ ಸಾಹುಕಾರರನ್ನು ಕೇಳಿಕೊಂಡು ವಿದ್ಯಾರ್ಥಿಗಳನ್ನು ಕರೆತಂದಿದ್ದರು. ಮಕ್ಕಳು ಜಿಗಣೆ ಇದೆಯೋ ಇಲ್ಲವೋ ಎಂದು ಕಾಲು ನೋಡಿಕೊಳ್ಳುತ್ತಿದ್ದರು. ಮೇಡಂ ಮಾತ್ರ ಒಂದು ಮರದ ಬುಡದಲ್ಲಿ ಕೂತಿದ್ದರು.

“ಇದು ಯಾವ ಮರ?” ಅಂದರು.

“ನೇರಳೆ ಮೇಡಂ.”

“ಯಾವ ನೇರಳೆ?”

“ಯಾವ ನೇರಳೆ ಅಂದ್ರೆ? ಕಾಡು ನೇರಳೆ. ಹಣ್ಣು ನಮ್ಗಲ್ಲ, ಮಂಗಟ್ಟೆ ಹಕ್ಕಿಗೆ.”

“ಅಲ್ಲಿ ತೊರೆ ದಾಟಿ ನಿಂತಿದೆಯಲ್ಲ, ಅದು?”

“ಅದೂ ನೇರಳೆ.”

ಅವರು ಎರಡು ಮೊಗ್ಗನ್ನು ನನ್ನ ಅಂಗೈ ಮೇಲೆ ಇಟ್ಟರು. ತೊರೆಯಾಚೆಯ ಮರದ್ದು ಗುಂಡಗೆ, ಮೋಟು. ಈ ಮರದ್ದು ಲವಂಗದಂತೆ ಉದ್ದ, ನಾಲ್ಕು ಏಣು, ತುದಿಯಲ್ಲಿ ಕೆಂಪು. ಲವಂಗವೂ ನೇರಳೆಯ ಬಳಗದ್ದೇ ಎಂದು ಅವತ್ತೇ ನನಗೆ ಗೊತ್ತಾದದ್ದು. ಎಲೆ ಹಿಸುಕಿ ಮೂಸಿದೆ. ಎಳೆ ಮಾವಿನಕಾಯಿಯ ವಾಸನೆ. ಅಂತಹ ಮರಗಳ ಮೇಲೆ ಎಷ್ಟೋ ವರ್ಷ ಜನ ಹತ್ತಿಸಿದ್ದೇನೆ. ಎಲೆ ಹಿಸುಕಿ ನೋಡುವ ಅಗತ್ಯ ಬಿದ್ದಿರಲಿಲ್ಲ.

“ಇದು ನನಗೆ ಗೊತ್ತಿರೋ ಯಾವುದಕ್ಕೂ ಹೊಂದ್ತಾ ಇಲ್ಲ” ಎಂದರು ಮೇಡಂ. “ಗೊತ್ತಿಲ್ಲದ್ದು ಬಹಳ ಇದೆ, ಅದು ಬೇರೆ. ಆದ್ರೆ ಇದನ್ನ ಕಡೀಬೇಡಿ.”

ಕಡಿಯಬೇಡಿ ಅನ್ನುವುದು ಸುಲಭ. ಕಡಿಸುವವರು ಮೇಲೆ ಜಗಲಿಯಲ್ಲಿ ಕೂತಿದ್ದರು.

ಸಾಹುಕಾರರು ಒಳ್ಳೆಯ ಮನುಷ್ಯ. ಇದನ್ನು ಈಗಲೇ ಬರೆಯುತ್ತೇನೆ, ಮುಂದೆ ಓದುವಾಗ ನೆನಪಿರಲಿ. ಮೇಡಂಗೆ ಕಾಫಿ ಕೊಡಿಸಿ, ಪೂರ್ತಿ ಕೇಳಿ, ನನ್ನ ಕಡೆ ತಿರುಗಿ ನಕ್ಕರು. “ಎಂತ ಮೇಸ್ತ್ರಿ, ಹೆಸರಿಲ್ಲದ ಒಂದು ಮರಕ್ಕೋಸ್ಕರ ನನ್ನ ಕಾಫಿ ಬಾಯಾರಿ ಸಾಯ್ಬೇಕಾ?”

“ಹೆಸರು ಬಂದ್ರೆ ಸಾವ್ಕಾರ್ರೆ?” ಅಂದೆ.

ಚೌಕಾಸಿಯಲ್ಲಿ ಇದು ನನ್ನ ಹಳೆಯ ರೀತಿ. ಎದುರಿನವನ ಬಾಯಿಂದ ಬಂದ ಮಾತನ್ನೇ ಹಿಡಿದು ಅವನ ಮುಂದೆ ಇಡಬೇಕು. ನೀವೂ ಮಾಡಿ ನೋಡಿ. ನಮ್ಮ ಬಾಯಿಂದ ಹೊಸ ಮಾತು ಹೊರಟರೆ ಅದಕ್ಕೆ ಬೆಲೆ ನಾವೇ ತೆರಬೇಕಾಗುತ್ತದೆ.

ಅವರು ಮೇಡಂ ಕಡೆ ತಿರುಗಿದರು. “ನಿಮ್ಮಲ್ಲಿ ದೊಡ್ಡವರು ಯಾರಾದ್ರೂ ಇದು ಹೊಸದು, ಬೇರೆ ಎಲ್ಲೂ ಇಲ್ಲ ಅಂತ ಹೇಳ್ಲಿ. ಕೆರೆ ಕೆಳಕ್ಕೆ ಸರಿಸ್ತೇನೆ. ಅಲ್ಲಿ ಬಂಡೆ ಉಂಟು, ಒಡೆಸ್ತೇನೆ. ಆದ್ರೆ ಜೆಸಿಬಿ ಕೊಲ್ಲಿಗೆ ಇಳಿಯೋ ಮೊದಲು ಹೇಳ್ಬೇಕು. ಸುಮ್ನೆ ಇರ್ಬಹುದು, ಆಗ್ಬಹುದು ಅಂದ್ರೆ ನಾನು ಕೇಳೋದಿಲ್ಲ.”

ನಾನು ಮರ ಉಳಿಸುವ ಪುಣ್ಯಾತ್ಮ ಅಂತ ತಿಳಿಯಬೇಡಿ. ನನ್ನ ಲೆಕ್ಕ ನೆಟ್ಟಗಿತ್ತು. ಈ ಮರಕ್ಕೆ ಹೆಸರಾದರೆ, ನಾಳೆ ಕಾಡಿನ ಮೇಲೆ ಕೆಲಸ ಮಾಡುವ ಎಲ್ಲ ಮೇಡಂಗಳೂ ಸರ್‌ಗಳೂ ಮರ ಹತ್ತಿಸಲು ನನ್ನ ಗುಂಪನ್ನೇ ಕರೆಯುತ್ತಾರೆ. ಮಳೆಗಾಲದಲ್ಲೂ ಜನಕ್ಕೆ ಕೆಲಸ ಸಿಗುತ್ತದೆ. ಅದಕ್ಕೇ, ಹತ್ತಿಸುವ ಕೆಲಸ ನನ್ನದು ಎಂದು ಒಪ್ಪಿಕೊಂಡೆ.

ಕೊಂಬೆ ಕೀಳುವುದರಲ್ಲಿ ಏನಿದೆ ಅಂದುಕೊಂಡಿದ್ದೆ. ಮೇಡಂನ ಕಟ್ಟಳೆ ನೋಡಿದ ಮೇಲೆ ನಮ್ಮ ಹತ್ತಾಳು, ಅಂದರೆ ಮರ ಹತ್ತುವ ಹಿರಿಯ ಆಳು, ತಲೆ ಕೆರೆದುಕೊಂಡ. ನನ್ನ ಗುಂಪಿನಲ್ಲಿ ಅವನಷ್ಟು ಹಗುರಾಗಿ ಹತ್ತುವವನಿಲ್ಲ. ಕೊಂಬೆ ಕತ್ತರಿಸುವ ಮೊದಲೇ, ಮರದ ಮೇಲೆಯೇ, ಅದಕ್ಕೆ ನಂಬರಿನ ಚೀಟಿ ಕಟ್ಟಬೇಕು. ಒಂದು ಮರದ ಎಲೆ, ಹೂ, ಮೊಗ್ಗು, ತೊಗಟೆ ಎಲ್ಲದಕ್ಕೂ ಒಂದೇ ನಂಬರು. ಆ ನಂಬರು ಇನ್ನೊಂದು ಮರಕ್ಕೆ ಯಾವತ್ತೂ ಹೋಗಬಾರದು. ಹೋಲಿಸಿ ನೋಡಲು ತೊರೆಯಾಚೆಯದು, ಗೇಟಿನ ಹತ್ತಿರದ್ದು, ಹೀಗೆ ತೋಟದ ಉಳಿದ ನೇರಳೆಗಳ ಕೊಂಬೆಗಳೂ ಬೇಕು.

“ಮೇಡಂ, ಕೆಳಗೆ ಬಂದ್ಮೇಲೆ ಕಟ್ಟಿದ್ರೆ ಆಗೋದಿಲ್ವಾ? ಒಂದು ಕೈಲಿ ಮರ ಹಿಡ್ಕೊಂಡು ಇನ್ನೊಂದು ಕೈಲಿ ಚೀಟಿ ಕಟ್ಟೋದಾ?” ಎಂದು ಅವನು ಮೇಲಿಂದ ಕೂಗಿದ.

“ಆಗಲ್ಲ. ಕೆಳಗೆ ಬಂದ್ಮೇಲೆ ಎಲ್ಲಾ ಎಲೆಗಳೂ ಒಂದೇ ಥರ.”

“ಹೌದು. ನೇರಳೆ ಅಲ್ವಾ” ಎಂದು ಅವನು ನಕ್ಕ.

ಕೊಂಬೆಗಳನ್ನು ಪತ್ರಿಕೆಯ ಹಾಳೆಗಳ ನಡುವೆ ಹರಡಿ, ರಟ್ಟು ಇಟ್ಟು, ಮರದ ಚೌಕಟ್ಟಿನಲ್ಲಿ ಬಿಗಿದರು. ದಿನವೂ ಹಾಳೆ ಬದಲಿಸಬೇಕು, ಇಲ್ಲದಿದ್ದರೆ ಬೂಷ್ಟು. ಹೀಗೆ ಒಣಗಿದ್ದನ್ನು ದೂರದ ನಗರದ ದೊಡ್ಡ ಹರ್ಬೇರಿಯಂಗೆ, ಅಂದರೆ ಒಣಗಿದ ಗಿಡಗಳ ಉಗ್ರಾಣಕ್ಕೆ, ಕಳಿಸಬೇಕು. ನೇರಳೆ ಬಳಗವನ್ನೇ ಜೀವಮಾನವಿಡೀ ನೋಡಿದ ತಜ್ಞರೊಬ್ಬರು ಅಲ್ಲಿದ್ದಾರೆ. ಅವರು ಹಳೆಯ ಕಾಲದಿಂದ ಕೂಡಿಟ್ಟ ಮಾದರಿಗಳ ಪಕ್ಕ ಇದನ್ನಿಟ್ಟು ನೋಡಿ ಹೊಸದು ಅಂದರೆ ಹೊಸದು.

ಅಷ್ಟರಲ್ಲಿ ಮೇಡಂಗೆ ಉತ್ತರಪತ್ರಿಕೆ ತಿದ್ದುವ ಕರೆ ಬಂತು. ತಪ್ಪಿಸುವ ಹಾಗಿರಲಿಲ್ಲ. ಕಟ್ಟುಗಳನ್ನು ನನ್ನ ಕೈಗೆ ಕೊಟ್ಟು, ಹಾಳೆ ಬದಲಿಸುವುದನ್ನು ತೋರಿಸಿ ಹೋದರು. ನನಗೆ ಶನಿವಾರಸಂತೆ ಕಡೆ ಇನ್ನೊಂದು ಕೆಲಸ ನಡೆಯುತ್ತಿತ್ತು. ಕಟ್ಟುಗಳನ್ನು ತೋಟದ ಕಾಫಿ ಕಣದಲ್ಲಿ, ಒಣಗಿಸುವ ಕೆಲಸ ನೋಡಿಕೊಳ್ಳುವ ಅಕ್ಕನಿಗೆ ವಹಿಸಿದೆ. ಆ ಕಣದಲ್ಲಿ ಅವರಷ್ಟು ಜವಾಬ್ದಾರಿಯ ಮನುಷ್ಯರಿಲ್ಲ. ಮೋಡದ ಬಣ್ಣ ನೋಡಿಯೇ ಮಳೆ ಎಷ್ಟು ದೂರದಲ್ಲಿದೆ ಎಂದು ಹೇಳುತ್ತಾರೆ. ಹಾಳೆ ಬದಲಿಸುವುದನ್ನು ತೋರಿಸಿ, “ಅಕ್ಕ, ಚೆನ್ನಾಗಿ ಒಣಗ್ಬೇಕು. ಒಂದೆಲೆ ನೆನೆಯೋ ಹಾಗಿಲ್ಲ” ಅಂದೆ.

ಎರಡು ದಿನ ಬಿಟ್ಟು ಅಮ್ಮತ್ತಿಗೆ ಬರುವಾಗ ದಾರಿಯಲ್ಲೇ ಆಲಿಕಲ್ಲು ಮಳೆ ಸಿಕ್ಕಿತು. ಜೀಪಿನ ಮೇಲೆ ಕಲ್ಲು ಸುರಿದ ಹಾಗೆ. ಕಣಕ್ಕೆ ಬಂದಾಗ ಮಳೆ ನಿಂತಿತ್ತು. ಅಕ್ಕ ಪೂರ್ತಿ ಒದ್ದೆಯಾಗಿ ನಿಂತಿದ್ದರು, ಮುಖದಲ್ಲಿ ನಗು.

“ಬನ್ನಿ ಮೇಸ್ತ್ರಿ. ನಾನು ನೆನೆದೆ, ನಿಮ್ಮ ಒಂದೆಲೆ ನೆನೆದಿಲ್ಲ. ಬೇಕಾದ್ರೆ ಕೈ ಹಾಕಿ ನೋಡಿ.”

ಟಾರ್ಪಾಲ್ ಎತ್ತಿದರು. ಕೆಳಗೆ ಒಂದು ರಾಶಿ. ಎಲೆಗಳ ರಾಶಿ, ಕಾಫಿಯ ರಾಶಿಯ ಹಾಗೆಯೇ ಚೂಪಾಗಿ, ಸುತ್ತ ನೀರು ಹರಿಯದಂತೆ ಗೋಣಿಚೀಲದ ಅಂಚು ಕಟ್ಟಿದ್ದು.

“ಇದೆಂತ ಅಕ್ಕ?”

“ಪೇಪರ್ ಒಳಗೆ ಕಟ್ಟಿಟ್ರೆ ಒಣಗ್ತದಾ? ಒಳಗೇ ಬೂಷ್ಟು ಹಿಡೀತದೆ. ಬಿಚ್ಚಿ ಕಣದಲ್ಲಿ ಹರಡಿದೆ. ದಿನಕ್ಕೆ ಮೂರು ಸಲ ಗೋರಿ ತಿರುಗಿಸಿ ಹಾಕಿದೆ. ಮೋಡ ಕಂಡ ಕೂಡ್ಲೆ ಗೋರುಮಣೇಲಿ ಎಳೆದು ರಾಶಿ ಮಾಡಿ ಮುಚ್ಚಿದೆ.”

“ಅದರಲ್ಲಿ ಚೀಟಿಗಳು ಇದ್ವಲ್ಲ…”

“ಬಿಸಾಕ್ತೇನಾ? ಒಣಗಿಸೋ ಮಾಲಲ್ಲಿ ಕಾಗದ ಸೇರ್ಬಾರ್ದು. ಒಂದೊಂದೇ ಬಿಚ್ಚಿ ಜೋಪಾನವಾಗಿ ಇಟ್ಟಿದೀನಿ.” ಸೆರಗಿನ ಗಂಟು ಬಿಚ್ಚಿ, ರಬ್ಬರ್ ಬ್ಯಾಂಡ್ ಹಾಕಿದ ಚೀಟಿಗಳ ಕಟ್ಟನ್ನು ನನ್ನ ಕೈಗೆ ಕೊಟ್ಟರು. ಒಂದೂ ಕಳೆದಿರಲಿಲ್ಲ.

ಕಾಫಿಯನ್ನು ಉಳಿಸುವ ಹಾಗೆ ಉಳಿಸಿದ್ದರು. ಆ ಕಣದಲ್ಲಿ ಅವರಿಗೆ ಕಲಿಸಿದ್ದೇ ಅದು. ಹರಡು, ತಿರುಗಿಸು, ರಾಶಿ ಹಾಕು, ಮುಚ್ಚು. ಯಾವ ಗಿಡದ ಹಣ್ಣು ಯಾವುದು ಎಂದು ಕಣದಲ್ಲಿ ಯಾರೂ ಕೇಳುವುದಿಲ್ಲ. ಚೆನ್ನಾಗಿ ಬೆರೆತಷ್ಟೂ ಒಳ್ಳೆಯದು. ಆಳುಗಳಿಗೆ ಕೆಲಸ ಹೇಳುವವರು ನೆನಪಿಡಿ: ಏನು ಮಾಡಬೇಕು ಎಂದು ಹೇಳಿ ಸುಮ್ಮನಾಗಬೇಡಿ, ಏನನ್ನು ಮಾಡಬಾರದು ಎಂಬುದನ್ನೂ ಹೇಳಿ. ಅದರಲ್ಲೂ ಕೆಲಸ ಚೆನ್ನಾಗಿ ಬಲ್ಲವರಿಗೆ ಹೇಳಿ. ಏನೂ ಬಾರದವನು ಕಟ್ಟುಗಳನ್ನು ಕಟ್ಟಿದ ಹಾಗೆಯೇ ಬಿಟ್ಟಿರುತ್ತಿದ್ದ.

ಓಡಿ ಕೊಲ್ಲಿಗೆ ಇಳಿದೆ. ಮರದ ಕೆಳಗೆ ನೆಲ ಕೆಂಪಾಗಿತ್ತು. ಆಲಿಕಲ್ಲು ಆ ವರ್ಷದ ಹೂವನ್ನೆಲ್ಲ ಉದುರಿಸಿ ಹಾಕಿತ್ತು.

ಮರುದಿನ ಮೇಡಂ ಬಂದರು. ಮರದಲ್ಲಿ ಎಲೆ ಬೇಕಾದಷ್ಟಿತ್ತು, ಆದರೆ ಮೊಗ್ಗು ಕಚ್ಚಿಕೊಂಡ ಕೊಂಬೆ ಉಳಿದಿದ್ದರೆ ಈ ರಾಶಿಯಲ್ಲೇ ಇರಬೇಕು. ಕಣದ ಪಕ್ಕದ ಗೋಡೌನಿನಲ್ಲಿ ರಾಶಿಯ ಮುಂದೆ ಕೂತು, ಮಸೂರ ಹಿಡಿದು ಒಂದೊಂದೇ ಎಲೆ ಎತ್ತಿ ನೋಡತೊಡಗಿದರು. ಎಲೆಯ ಅಂಚಿನಲ್ಲಿ ಸುತ್ತ ಓಡುವ ನರ, ಬೆಳಕಿಗೆ ಹಿಡಿದರೆ ಕಾಣುವ ಚುಕ್ಕಿ. ನಾನು ಮೂಸಿ ಆರಿಸುತ್ತೇನೆ ಎಂದು ಕೂತೆ. ಒಣಗಿದ ಮೇಲೆ ಮಾವಿನಕಾಯಿಯೂ ಇಲ್ಲ, ಏನೂ ಇಲ್ಲ. ಎಲ್ಲಕ್ಕೂ ಬಿಸಿಲಿನ ವಾಸನೆ. ಮೊಗ್ಗುಗಳು ತೊಟ್ಟು ಕಳಚಿ ರಾಶಿಯ ತಳದಲ್ಲಿ ಹುಡಿಯಾಗಿದ್ದವು. ಅಕ್ಕ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದರು. “ಸರಿಯಾಗಿ ಒಣಗಿಲ್ವಾ?” ಎಂದು ಮೆಲ್ಲಗೆ ಕೇಳಿದರು.

“ಚೆನ್ನಾಗಿ ಒಣಗಿದೆ ಅಕ್ಕ” ಅಂದರು ಮೇಡಂ. ಅಷ್ಟೇ ಅಂದರು.

ಸಂಜೆಯ ಹೊತ್ತಿಗೆ ಒಂದಷ್ಟು ಎಲೆ, ಎಲೆ ಕಚ್ಚಿಕೊಂಡಿದ್ದ ಎರಡು ಮೂರು ತುಂಡು ಕಡ್ಡಿ ಬೇರೆಯಾದವು. ಕಳಚಿಬಿದ್ದ ಉದ್ದನೆಯ ಮೊಗ್ಗುಗಳು ಒಂದು ಹಿಡಿ. ನಾನು ಹೇಳಿದೆ, “ಮೇಡಂ, ಈ ಮೊಗ್ಗು ಆ ಮರದ್ದೇ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಈ ಎಲೆ ಜೊತೆ ಸೇರಿಸಿ, ಚೀಟಿ ಕಟ್ಟಿ ಕಳ್ಸಿ. ಯಾರು ನೋಡೋಕೆ ಬರ್ತಾರೆ?”

“ನಾವು ಸತ್ತು ನೂರು ವರ್ಷ ಆದ್ಮೇಲೆ ಬರೋರು ನೋಡ್ತಾರೆ.”

“ಅವ್ರಿಗೇನು ಬೇಕಂತೆ?”

ಅವರು ಮಸೂರ ಕೆಳಗಿಟ್ಟರು. “ಕೇಳಿ ಮೇಸ್ತ್ರಿ. ಹೊಸ ಹೆಸರು ಇಡ್ತೀವಲ್ಲ, ಅದನ್ನ ಇಡೋದು ಮರಕ್ಕಲ್ಲ. ಒಂದು ಒಣಗಿದ ಕೊಂಬೆಗೆ. ಅದಕ್ಕೆ ಮೂಲಮಾದರಿ ಅಂತಾರೆ. ಮುಂದೆ ಯಾರಿಗೆ ಅನುಮಾನ ಬಂದ್ರೂ ಆ ಕೊಂಬೆ ತೆಗೆದು ನೋಡ್ತಾರೆ. ಎಲೆ ಒಂದು ಮರದ್ದು, ಹೂ ಇನ್ನೊಂದು ಮರದ್ದು ಆಗಿದ್ರೆ ಆ ಹೆಸರು ಯಾವ ಮರದ್ದೂ ಅಲ್ಲ. ಅಳಿಸೋಕೂ ಆಗಲ್ಲ. ಇಲ್ಲದ ಮರ ಒಂದು ಪುಸ್ತಕದಲ್ಲಿ ನಿಂತಿರುತ್ತೆ.”

“ಇರೋ ಮರ ಬಿದ್ದುಹೋಗ್ತದಲ್ಲ ಮೇಡಂ!”

ಅವರು ಮತ್ತೆ ಮಸೂರ ಎತ್ತಿಕೊಂಡರು. ಖಚಿತವಾದ ಎಲೆಗಳನ್ನು ಒಂದು ಲಕೋಟೆಗೆ, ಮೊಗ್ಗುಗಳನ್ನು ಬೇರೆ ಲಕೋಟೆಗೆ ಹಾಕಿ, ನಡೆದದ್ದನ್ನು ನಡೆದ ಹಾಗೆಯೇ ಬರೆದು ಕಳಿಸಿದರು. ಜೊತೆಗೆ ಮರದ ಫೋಟೋಗಳು. ನನಗೆ ಸಿಟ್ಟು ಬಂದಿತ್ತು. ನಮ್ಮ ವ್ಯವಹಾರದಲ್ಲಿ ಮಾಲಿನ ಕೊರತೆಯನ್ನು ನಾವೇ ಮೊದಲು ಬಾಯಿಬಿಟ್ಟು ಹೇಳುವವರು ಯಾರಿದ್ದಾರೆ?

ತಜ್ಞರ ಉತ್ತರ ಬೇಗ ಬಂತು, ಮರ್ಯಾದೆಯಾಗಿಯೇ ಬಂತು. ಕುತೂಹಲಕಾರಿಯಾಗಿದೆ, ಆದರೆ ನೇರಳೆಗಳಲ್ಲಿ ಒಂದೇ ಪ್ರಭೇದದ ಎಲೆ ಮೊಗ್ಗುಗಳು ಜಾಗದಿಂದ ಜಾಗಕ್ಕೆ ಬಹಳ ಬದಲಾಗುತ್ತವೆ, ಬರೀ ಎಲೆ ನೋಡಿ ಇಟ್ಟ ಎಷ್ಟೋ ಹೆಸರುಗಳನ್ನು ಆಮೇಲೆ ಹಳೆಯ ಹೆಸರುಗಳೊಳಗೆ ಸೇರಿಸಬೇಕಾಗಿ ಬಂದಿದೆ. ಒಂದೇ ಕೊಂಬೆಯಲ್ಲಿ ಹೂವೂ ಬೇಕು, ಕಾಯಿಯೂ ಬೇಕು. ಅವಸರ ಬೇಡ, ಮುಂದಿನ ಹೂವಿನ ಕಾಲಕ್ಕೆ ಕಾಯೋಣ.

ಮುಂದಿನ ಹೂವಿನ ಕಾಲ!

ಸಾಹುಕಾರರ ಮುಂದೆ ಹೋಗಿ ನಿಂತೆ. ಬರಿಗೈಯಲ್ಲಿ ಹೋಗಬಾರದು, ಅದು ಗೊತ್ತು. ಮಳೆಗಾಲ ಮುಗಿದ ಕೂಡಲೆ ಬೇರೆ ಎಲ್ಲ ತೋಟಗಳಿಗಿಂತ ಮೊದಲು ಇವರ ತೋಟಕ್ಕೆ ನನ್ನ ಪೂರ್ತಿ ಗುಂಪು ಇಳಿಸುತ್ತೇನೆ, ಒಂದು ವರ್ಷ ಕೆರೆ ಮುಂದಕ್ಕೆ ಹಾಕಿ ಎಂದೆ. ಅವರು ತಲೆಯಾಡಿಸಿದರು. “ಹೋದ ವರ್ಷ ಹೂವಾದ ಕಾಫಿ ಅರ್ಧ ಕರಟಿಹೋಯ್ತು ಮೇಸ್ತ್ರಿ. ಇನ್ನೊಂದು ವರ್ಷ ಹಾಗಾದ್ರೆ ನಿನ್ನ ಗುಂಪು ಇಳಿಸಿ ಸವರಿಸೋಕೆ ತೋಟದಲ್ಲಿ ಏನಿರ್ತದೆ? ಜೆಸಿಬಿಯವನು ಬರೋತನಕ ಟೈಮು. ಅದು ನಾನು ಕೊಟ್ಟ ಮಾತು. ಅದರ ಮೇಲೆ ಕೇಳ್ಬೇಡ.”

ನ್ಯಾಯವಾಗಿಯೇ ಇತ್ತು. ನ್ಯಾಯವಾಗಿರುವವರ ಹತ್ತಿರ ಚೌಕಾಸಿ ಮಾಡುವಷ್ಟು ಕಷ್ಟ ಇನ್ನೊಂದಿಲ್ಲ. ಹಿಡಿಯಲು ಎಲ್ಲೂ ಹಿಡಿಕೆ ಸಿಗುವುದಿಲ್ಲ.

ಮೇ ತಿಂಗಳ ನಡುವೆ ಮೇಡಂ ದುರ್ಬೀನು ಹಿಡಿದು ನೋಡಿದಾಗ ಮರದ ನೆತ್ತಿಯಲ್ಲಿ ಕೆಂಪು ಕಂಡಿತು. ಆಲಿಕಲ್ಲಿನ ಪೆಟ್ಟು ತಿಂದ ಮರ ತುದಿಯಲ್ಲಿ ಮತ್ತೆ ಚಿಗುರಿ, ಒಂದಿಷ್ಟು ಮೊಗ್ಗು ಬಿಟ್ಟಿತ್ತು. ಒಳಗಡೆ, ಕಲ್ಲು ತಾಗದ ಕಡೆ, ಕಾಯಿ ಕಚ್ಚಿದ ಹಾಗೂ ಕಾಣುತ್ತಿತ್ತು. ಬೇಕಾದದ್ದೆಲ್ಲ ಅಲ್ಲೇ ಇತ್ತು, ನೆತ್ತಿಯಲ್ಲಿ.

ನೇರಳೆಯ ಕೊಂಬೆ ಮರಗಸಿ ಮಾಡುವವರಿಗೆಲ್ಲ ಗೊತ್ತಿರುವ ಶತ್ರು. ನೋಡಲು ಗಟ್ಟಿ, ಮುರಿಯುವಾಗ ಮುನ್ಸೂಚನೆ ಇಲ್ಲ. ಹತ್ತಾಳು ಸೊಂಟಕ್ಕೆ ಹಗ್ಗ ಬಿಗಿದು ಹತ್ತಿದ. ಕಾಲಿಗೆ ಆಧಾರ ಸಿಗುವವರೆಗೆ ಹೋಗಿ ದೋಟಿ ಚಾಚಿದ, ಮುಟ್ಟಲಿಲ್ಲ. ಹಗ್ಗಕ್ಕೆ ಕಲ್ಲು ಕಟ್ಟಿ ಎಸೆದು ಎಳೆದು ನೋಡಿದೆವು. ಚಿಗುರೆಲೆ ಹರಿದು ಬಂತು. ಅವನು “ಇನ್ನೊಂದು ಗೇಣು ಮೇಸ್ತ್ರಿ” ಎಂದು ಮೇಲಿನ ಕವಲಿಗೆ ಕಾಲಿಟ್ಟ. ಪಟ್ ಎಂದಿತು. ಹಗ್ಗದಲ್ಲಿ ಜೋಲಿ ಹೊಡೆದು ಕಾಂಡಕ್ಕೆ ಪಕ್ಕೆ ಬಡಿದುಕೊಂಡ. ಇಳಿಸುವಾಗ ಉಸಿರು ಎಳೆಯಲು ಕಷ್ಟಪಡುತ್ತಿದ್ದ.

ಆಸ್ಪತ್ರೆಗೆ ಹೋಗುವ ಜೀಪಿನಲ್ಲೂ ಅವನ ಬಾಯಿ ನಿಲ್ಲಲಿಲ್ಲ. “ನಾಳೆ ಬಿದಿರು ಜೋಡಿಸಿ ದೋಟಿ ಉದ್ದ ಮಾಡುವಾ.”

“ಬಾಯಿ ಮುಚ್ಚು ಮಾರಾಯ. ನಿನ್ನ ಹೆಂಡ್ತಿಗೆ ನಾನು ಉತ್ತರ ಹೇಳೋದಿಲ್ಲ. ಸಾಕು.”

ಪಕ್ಕೆಲುಬು ಬಿರಿದಿತ್ತು. ಅವನು ಎದ್ದು ಓಡಾಡಿದ, ಆದರೆ ಆ ವರ್ಷ ಮರ ಹತ್ತಲಿಲ್ಲ. ಬೇರೆಯವರನ್ನು ಆ ನೆತ್ತಿಗೆ ಕಳಿಸಲು ನನಗೆ ಮನಸ್ಸು ಬರಲಿಲ್ಲ. ಮೇಡಂ ಕೂಡ ಕೇಳಲಿಲ್ಲ.

ಜೆಸಿಬಿ ಬಂತು. ಡ್ರೈವರ್‌ನನ್ನು ಹಿಡಿದುಕೊಂಡು, ಊಟ ಹಾಕಿಸಿ, ಕೊಲ್ಲಿಯ ಆ ತುದಿಯಿಂದ ಅಗೆಯಲು ಒಪ್ಪಿಸಿದೆ. ಮರ ಈ ತುದಿಯಲ್ಲಿ, ಏರಿ ಬರಬೇಕಾದ ಜಾಗದಲ್ಲೇ ಇತ್ತು. ಇದರಿಂದ ಕೆಲವು ದಿನ ಸಿಕ್ಕಿತು. ಆ ದಿನಗಳಲ್ಲಿ ಮೇಡಂ ಮತ್ತು ನಾನು ಸುತ್ತಲಿನ ಕೊಲ್ಲಿಗಳಿಗೆಲ್ಲ ಇಳಿದೆವು. ಇನ್ನೊಂದೇ ಒಂದು ಇಂತಹ ಮರ ಸಿಕ್ಕಿದರೂ ಸಾಕು ಎಂದು. ಎಷ್ಟೋ ನೇರಳೆಗಳು ಸಿಕ್ಕವು. ಎಲೆ ಹಿಸುಕುವುದು, ಮೂಸುವುದು, ಬಿಸಾಡುವುದು. ಸಂಜೆ ಬೆರಳೆಲ್ಲ ಹಸಿರು.

ಒಂದು ಮಧ್ಯಾಹ್ನ ಪಶ್ಚಿಮಕ್ಕೆ ಮೋಡ ಕಟ್ಟಿತು. ಕೇರಳದ ಕಡೆ ಮಳೆ ಶುರುವಾಗಿದೆ ಎಂಬ ಸುದ್ದಿ. ಸಾಹುಕಾರರು ಕೊಡೆ ಹಿಡಿದು ಕೊಲ್ಲಿಗೆ ಬಂದರು. “ನಾಳೆ ಆ ಮರ ತೆಗೀಬೇಕು. ನಿನ್ನ ಕೈಲಿ ಆಗೋದಿಲ್ಲ ಅಂದ್ರೆ ಹೇಳು. ಜೆಸಿಬಿಗೆ ಚೈನು ಹಾಕಿ ಎಳೆಸ್ತೇನೆ. ಬೇಜಾರು ಮಾಡ್ಕೋಬೇಡ.”

ಎಳೆಸುವುದು ಎಂದರೆ ಏನು ಎಂದು ನನಗೆ ಗೊತ್ತು. ಬುಡ ಸಡಿಲಿಸಿ, ಚೈನಿನಲ್ಲಿ ಜಗ್ಗಿದರೆ ಮರ ಒಂದೇ ಏಟಿಗೆ ಅಪ್ಪಳಿಸುತ್ತದೆ. ನೆತ್ತಿಯ ಕೊಂಬೆಗಳು ಕಡ್ಡಿಪುಡಿ. ಆಮೇಲೆ ಅಲ್ಲಿ ಹೂವೂ ಇಲ್ಲ, ಕಾಯಿಯೂ ಇಲ್ಲ. ಮರವೂ ಹೋಗಿ ಹೆಸರೂ ಹೋಗುತ್ತದೆ.

ಮೇಡಂ ಕಡೆ ನೋಡಿದೆ. ಅವರು ಮರ ನೋಡುತ್ತಿದ್ದರು. “ಕಡೀರಿ ಅಂತ ನಾನು ಹೇಳೋಕಾಗಲ್ಲ” ಅಂದರು.

“ನಾನೇ ಇಳಿಸ್ತೇನೆ ಸಾವ್ಕಾರ್ರೆ” ಅಂದೆ.

ನನ್ನ ಜನ ನನ್ನ ಮುಖವನ್ನೇ ನೋಡಿದರು. ಇಷ್ಟು ದಿನ ಉಳಿಸಲು ಓಡಾಡಿದವನು ನಾನೇ. ಆದರೆ ಸೋತ ಚೌಕಾಸಿಯಲ್ಲೂ ಕೊನೆಗೆ ಕೈಗೆ ಬರುವಂಥದ್ದು ಏನಾದರೂ ಇರುತ್ತದೆ; ಮುನಿಸಿಕೊಂಡು ಎದ್ದುಹೋದರೆ ಅದೂ ಇಲ್ಲ. ಇದು ನನ್ನ ಬುದ್ಧಿ. ಒಳ್ಳೆಯ ಬುದ್ಧಿ ಅಂತ ಇವತ್ತು ಹೇಳಲಾರೆ, ಅವತ್ತು ಇದ್ದದ್ದು ಅದೇ.

ಮೆಣಸಿನ ಬಳ್ಳಿ ಹಬ್ಬಿದ ಮರಗಳ ನಡುವೆ ಒಣಮರ ಇಳಿಸುವಾಗ ನಾವು ಮಾಡುವ ರೀತಿ ಒಂದಿದೆ. ಮರವನ್ನು ಬೀಳಿಸುವುದಿಲ್ಲ, ಒರಗಿಸುತ್ತೇವೆ. ಬೆಳಿಗ್ಗೆ ಎರಡು ಕಡೆಯ ಏರಿನ ಮರಗಳಿಗೆ ದಪ್ಪ ಹಗ್ಗ ಸುತ್ತಿ, ಆ ಹಗ್ಗದ ತುದಿಗಳನ್ನು ನೇರಳೆಯ ನಡುಕಾಂಡಕ್ಕೆ ಬಿಗಿದೆವು. ಬೀಳಬೇಕಾದ ಕಡೆ ಒಂದು ದೊಡ್ಡ ಬಸರಿ ಮರ. ಅದರ ಕವಲಿಗೆ ಗೋಣಿಚೀಲ ಕಟ್ಟಿದೆವು. ಬುಡದಲ್ಲಿ ಒಂದು ಕಡೆ ಬಾಯಿ ಕೊರೆದು, ಹಿಂದಿನಿಂದ ಗರಗಸ ಹಾಕಿ, ಸ್ವಲ್ಪ ನಾರು ಕಡಿಯದೆ ಉಳಿಸಿದೆ. ಪಕ್ಕೆಗೆ ಪಟ್ಟಿ ಕಟ್ಟಿಕೊಂಡೇ ಹತ್ತಾಳು ಬಂದು ಏರಿನ ಮೇಲೆ ನಿಂತು ಹಗ್ಗದವರಿಗೆ ಕೂಗಿ ಹೇಳುತ್ತಿದ್ದ: “ಬಿಡು… ಬಿಡು… ತಡಿ! ತಡಿ ಮಾರಾಯ, ನಿನ್ನ ಮಗಳ ಮದುವೆಗೆ ಹೊರಟ ಹಾಗೆ ಬಿಡ್ಬೇಡ.”

ಮರ ನಿಧಾನವಾಗಿ ಬಾಗಿತು. ಬಸರಿಯ ಮೇಲೆ ಒರಗಿ ನಿಂತಿತು. ಮತ್ತೆ ಹಗ್ಗ ಸಡಿಲಿಸಿ, ಮತ್ತೆ ನಿಲ್ಲಿಸಿ, ಬಸರಿಯ ಮೈಮೇಲಿಂದ ಜಾರಿಸುತ್ತ ಬಂದೆವು. ನೆತ್ತಿ ಎದೆಮಟ್ಟಕ್ಕೆ ಬಂದಾಗ ಕೈಯೆತ್ತಿ ನಿಲ್ಲಿಸಿದೆ. ಆ ಮರದ ಕೆಳಗೆ ಒಂದು ಚಿಗುರೂ ಮುರಿದು ಬಿದ್ದಿರಲಿಲ್ಲ. ನನ್ನ ಕಸುಬಿನಲ್ಲಿ ಅಷ್ಟು ಚೆನ್ನಾಗಿ ಇಳಿಸಿದ ಮರ ಬೇರೆ ಇಲ್ಲ.

ಮೇಡಂ ಚೀಟಿ ಹಿಡಿದು ಹತ್ತಿರ ಹೋದರು. ಒಂದು ಕೊಂಬೆಯ ತುದಿಯಲ್ಲಿ ಅರಳಿದ ಹೂ, ಅದರ ಕೆಳಗೆ ಉದ್ದ ಮೊಗ್ಗು, ಇನ್ನೂ ಕೆಳಗೆ ಹಸಿರು ಕಾಯಿಗಳು, ನಾಲ್ಕೇಣಿನವು. ಒಂದೇ ಕೊಂಬೆ. ಅವರು ಅದನ್ನು ಕತ್ತರಿಸದೆ ಬಹಳ ಹೊತ್ತು ಸುಮ್ಮನೆ ಹಿಡಿದುಕೊಂಡಿದ್ದರು.

ಹತ್ತಾಳು ಬಗ್ಗಿ ನೋಡಿದ. “ಮೇಸ್ತ್ರಿ, ಇಷ್ಟು ದಿನ ಬೇಕಾಗಿದ್ದದ್ದು ಇದೇನಾ?”

“ಇದೇ.”

“ಇಷ್ಟೇನಾ?”

ಮೇಡಂ ಚೀಟಿ ಕಟ್ಟಿ, ಕೊಂಬೆ ಕತ್ತರಿಸಿ, ಹಾಳೆಯಲ್ಲಿ ಹರಡಿದರು. ಕೆಲವು ಹೂಗಳನ್ನು ಸ್ಪಿರಿಟ್ ತುಂಬಿದ ಬಾಟಲಿಗೆ ಹಾಕಿದರು. ಕಾಯಿ ಇನ್ನೂ ಎಳಸು. ಒಂದು ಹಿಡಿಯಷ್ಟನ್ನು ಮಣ್ಣಿಗೆ ಹಾಕಿ ನೋಡೋಣ ಎಂದು ನಾನೇ ತೆಗೆದುಕೊಂಡು ಹೋದೆ. ಮಳೆಗಾಲದಲ್ಲಿ ಒಂದೊಂದಾಗಿ ಕೊಳೆತವು. ತುಂಡು ಮಾಡಿದ ರೆಂಬೆಗಳನ್ನು ಕಸಿ ಕಟ್ಟಲು, ಬೇರು ಬರಿಸಲು ನರ್ಸರಿಗೆ ಕೊಟ್ಟೆ. ಒಂದೂ ಹಿಡಿಯಲಿಲ್ಲ. ಬುಡ ಚಿಗುರುವುದಿತ್ತೇನೋ, ಅದರ ಮೇಲೆ ಏರಿಯ ಮಣ್ಣು ಬಿದ್ದಾಗಿತ್ತು.

ಈ ಸಲ ಕಟ್ಟನ್ನು ಒಣಗಿಸಿದ್ದು ನಮ್ಮ ಮನೆಯಲ್ಲಿ, ಒಲೆಯ ಮೇಲಿನ ಅಟ್ಟದಲ್ಲಿ. ಹಾಳೆ ಬದಲಿಸಿದ್ದು ನಾನೇ. ಜಡಿಮಳೆಯ ನಡುವೆ ತಜ್ಞರ ಫೋನು ಮೇಡಂಗೆ ಬಂತು, ಮೇಡಂ ನನಗೆ ಮಾಡಿದರು. ಹೊಸದೇ. ಸಂಶಯವಿಲ್ಲ. ಕಾಯಿ ನೋಡಿದ ಕೂಡಲೆ ಹೇಳಿದರಂತೆ.

ಹೆಸರಿನ ಪ್ರಬಂಧ ಅಚ್ಚಾಗಲು ಮತ್ತೆ ಒಂದು ವರ್ಷ ಹಿಡಿಯಿತು. ಬರೆಯುವಾಗ ಮೇಡಂ ಕೇಳಿದರು, ಮರದ ಶಾಸ್ತ್ರೀಯ ಹೆಸರಿನ ಎರಡನೆಯ ಪದಕ್ಕೆ ನಿಮ್ಮ ಹೆಸರು ಹಾಕಲೇ ಎಂದು. ಬೇಡ ಅಂದೆ. ಕಡಿದವನ ಹೆಸರನ್ನು ಆ ಮರ ಹೊತ್ತುಕೊಂಡಿರುವುದು ಚೆನ್ನಾಗಿರುವುದಿಲ್ಲ. ಕಾಯಿಯ ಏಣುಗಳನ್ನು ಹೇಳುವ ಲ್ಯಾಟಿನ್ ಪದ ಇಟ್ಟರು. ಆ ಪ್ರಬಂಧದಲ್ಲಿ ಸಿಕ್ಕಿದ ಜಾಗ ಎಂಬಲ್ಲಿ ಈ ತೋಟದ ಕೊಲ್ಲಿ ಇದೆ. ಈಗಿನ ಸ್ಥಿತಿ ಎಂಬಲ್ಲಿ, ಆ ಒಂದು ಮರದ ಹೊರತು ಬೇರೆ ಕಂಡುಬಂದಿಲ್ಲ, ಆ ಮರವೂ ಈಗಿಲ್ಲ ಎಂದಿದೆ. ಈಗ ಕಾಡಿನ ಮೇಲೆ ಕೆಲಸ ಮಾಡುವವರು ನನ್ನನ್ನು ಕರೆಯುತ್ತಾರೆ. ಅಂದುಕೊಂಡ ಹಾಗೆಯೇ ಆಯಿತು.

ಅಚ್ಚಾದ ಪ್ರತಿಯನ್ನು ಮೇಡಂ ಸಾಹುಕಾರರಿಗೂ ಕಳಿಸಿದ್ದರು. ನಾನು ಮರಗಸಿಗೆ ಆ ತೋಟಕ್ಕೆ ಹೋದಾಗ ಅವರು ಅದನ್ನು ಹಿಡಿದುಕೊಂಡು ಜಗಲಿಯಿಂದ ಇಳಿದು ಬಂದರು. ಏರಿಯ ಮೇಲೆ ನಡೆದೆವು. ಕೆರೆ ತುಂಬಿತ್ತು. ಸ್ಪ್ರಿಂಕ್ಲರ್ ಹಾಕಿದ ಕಡೆಯೆಲ್ಲ ಕಾಫಿ ಹೂ ಬಿಳಿಯಾಗಿ ಕೂತಿತ್ತು.

“ಹೊಸದಂತೆ” ಎಂದರು.

“ಹೌದು ಸಾವ್ಕಾರ್ರೆ.”

“ಬೇರೆ ಎಲ್ಲೂ ಇಲ್ವಂತೆ.”

“ಹೌದು.”

ಅವರು ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡರು. “ನೀವಿಬ್ರೂ ನಿಮ್ಮ ಮಾತು ಉಳಿಸ್ಕೊಂಡ್ರಿ ಮೇಸ್ತ್ರಿ. ಹೆಸರು ತರ್ತೇವೆ ಅಂದ್ರಿ, ತಂದ್ರಿ. ನಾನೂ ಮಾತು ಕೊಟ್ಟಿದ್ದೆ. ನಾನು ಅದನ್ನ ಹೇಗೆ ಉಳಿಸ್ಕೊಳ್ಳಲಿ, ಹೇಳು.”

ಎದುರಿನವರ ಮಾತನ್ನು ಹಿಡಿದು ಮುಂದೆ ಇಡುವವನು ನಾನು. ಹಿಡಿಯಲು ಅಲ್ಲಿ ಏನೂ ಇರಲಿಲ್ಲ. ನನ್ನ ಜನ ಮೇಲಿನ ಬ್ಲಾಕಿನಲ್ಲಿ ಹಗ್ಗ ಹಾಕಿಕೊಂಡು ಕಾಯುತ್ತಿದ್ದರು. ಹೋಗಿ ಬರುತ್ತೇನೆ ಎಂದು ಹೇಳಿ ಏರು ಹತ್ತಿದೆ.